ವರ್ಕಲದ ಕೆಂಪು ದಿಬ್ಬ ಮತ್ತು ಅದರೊಳಗಿನ ನೀರು

ಕೇರಳದ ಕಡಲತೀರ ಬಹುಪಾಲು ಸಪಾಟು. ಮರಳು, ತೆಂಗು, ಅದರ ಹಿಂದೆ ಹಿನ್ನೀರು. ತಿರುವನಂತಪುರದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ವರ್ಕಲದಲ್ಲಿ ಈ ನೋಟ ಬದಲಾಗುತ್ತದೆ. ಅಲ್ಲಿ ಕೆಲವು ಕಡೆ 20 ಮೀಟರ್‌ಗಿಂತ ಎತ್ತರದ ಕೆಂಪು ದಿಬ್ಬ ನೇರವಾಗಿ ಕಡಲಿಗೆ ಮುಖ ಮಾಡಿ ನಿಂತಿದೆ. ಅಂಚಿನುದ್ದಕ್ಕೂ ಕೆಫೆ, ಹೋಂಸ್ಟೇ, ಯೋಗ ಕೇಂದ್ರಗಳು. ಕೆಳಗೆ ಪಾಪನಾಶಂ ಬೀಚ್. ಸಂಜೆಯಾದರೆ ಎಲ್ಲರ ಕಣ್ಣೂ ಸೂರ್ಯ ಮುಳುಗುವ ಕಡೆಗೇ. ಕಡಲಿಗೆ ಬೆನ್ನು ಹಾಕಿ ದಿಬ್ಬವನ್ನು ನೋಡುವವರು ಕಡಿಮೆ. ಆದರೆ ವರ್ಕಲದಲ್ಲಿ ಜಾಸ್ತಿ ಹೊತ್ತು ನೋಡಬೇಕಾದ್ದು ಅದನ್ನೇ.

ಮೇಲಿನ ಪದರ ನಮಗೆ ಹೊಸದೇನಲ್ಲ. ಅದು ಜಂಬಿಟ್ಟಿಗೆ, ದಕ್ಷಿಣ ಕನ್ನಡದವರು ಮನೆ ಕಟ್ಟುವ ಅದೇ ಮುರಕಲ್ಲು. ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇದನ್ನು ಮಾಡಿದ್ದು ಮಳೆ. ಲಕ್ಷಾಂತರ ವರ್ಷ ಸುರಿದ ಮಳೆ, ಕರಗುವುದನ್ನೆಲ್ಲ ತೊಳೆದುಕೊಂಡು ಹೋಯಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಆ ಕಬ್ಬಿಣ ಗಾಳಿ ತಾಗಿ ತುಕ್ಕು ಹಿಡಿದದ್ದೇ ಈ ಕೆಂಪು.

ಅದರ ಕೆಳಗೆ ಮರಳುಗಲ್ಲು, ಬಿಳಿ, ಹಳದಿ, ನೇರಳೆ ಛಾಯೆಯ ಜೇಡಿ. ಇನ್ನೂ ಕೆಳಗೆ ಕಪ್ಪು ಜೇಡಿ, ನಡುವೆ ಲಿಗ್ನೈಟ್ ಪದರಗಳು. ಲಿಗ್ನೈಟ್ ಎಂದರೆ ಪೂರ್ತಿ ಕಲ್ಲಿದ್ದಲಾಗದ ಹಳೆಯ ಗಿಡಮರ. ಅಂದರೆ ಇಲ್ಲಿ ಒಂದು ಕಾಲದಲ್ಲಿ ಜೌಗು ನೆಲವಿತ್ತು. ಅಲ್ಲಿ ಸಿಗುವ ಮಾರ್ಕಸೈಟ್ ಉಂಡೆಗಳೂ ಅದನ್ನೇ ಹೇಳುತ್ತವೆ. ಕಬ್ಬಿಣ ಮತ್ತು ಗಂಧಕದ ಈ ಖನಿಜ ಗಾಳಿಯಾಡದ ಕೆಸರಿನಲ್ಲಿ ಹುಟ್ಟುತ್ತದೆ. ಈ ಪದರಗಳ ವಯಸ್ಸು ಹಲವು ದಶಲಕ್ಷ ವರ್ಷ. 1882ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಇವುಗಳಿಗೆ ಊರಿನ ಹೆಸರನ್ನೇ ಕೊಟ್ಟ. ಇಂದಿಗೂ ಕೇರಳದಲ್ಲಿ ಇಂಥ ಪದರಗಳು ಎಲ್ಲಿ ಸಿಕ್ಕರೂ ಅವು 'ವರ್ಕಲ್ಲಿ' ಪದರಗಳೇ.

ದಿಬ್ಬದ ಬುಡದಲ್ಲಿ ಬುಗ್ಗೆಗಳಿವೆ. ಕಡಲು ಇಷ್ಟು ಹತ್ತಿರವಿದ್ದರೂ ನೀರು ಸಿಹಿ. ಇದು ಹೇಗೆ? ಮೇಲೆ ಬಿದ್ದ ಮಳೆ ತೂತುತೂತಾದ ಮುರಕಲ್ಲು ಮತ್ತು ಮರಳುಗಲ್ಲಿನ ಮೂಲಕ ಇಳಿಯುತ್ತದೆ. ಜೇಡಿ ಸಿಕ್ಕಿದ ಕೂಡಲೇ ದಾರಿ ಮುಚ್ಚುತ್ತದೆ, ಏಕೆಂದರೆ ಜೇಡಿ ನೀರನ್ನು ಒಳಗೆ ಬಿಡುವುದಿಲ್ಲ. ಆಗ ನೀರು ಅಡ್ಡಡ್ಡ ಹರಿದು ದಿಬ್ಬದ ಮುಖದಿಂದ ಹೊರಬರುತ್ತದೆ. ಇಲ್ಲಿ ಮಿಂದರೆ ಪಾಪ ತೊಳೆಯುತ್ತದೆ ಎಂದು ಭಕ್ತರು ನಂಬುತ್ತಾರೆ. ಪಕ್ಕದಲ್ಲೇ ಪ್ರಾಚೀನ ಜನಾರ್ದನಸ್ವಾಮಿ ದೇವಸ್ಥಾನವಿದೆ. ಕರ್ಕಾಟಕ ವಾವಿನ ದಿನ, ಅಂದರೆ ತುಳುನಾಡಿನ ಆಟಿ ಅಮಾವಾಸ್ಯೆಯಂದು, ಸಾವಿರಾರು ಜನ ಪಿತೃಗಳಿಗೆ ತರ್ಪಣ ಕೊಡಲು ಈ ತೀರಕ್ಕೆ ಬರುತ್ತಾರೆ. ಅದು ನಡು ಮಳೆಗಾಲ. ದಿಬ್ಬ ನೀರು ಕುಡಿದು ಭಾರವಾಗಿರುವ, ಅಲೆಗಳು ಬುಡಕ್ಕೆ ಹೊಡೆಯುವ ಸಮಯ. ಜನ ಹೆಚ್ಚು ಸೇರುವುದೂ ದಿಬ್ಬ ಹೆಚ್ಚು ಅಪಾಯಕಾರಿಯಾಗುವುದೂ ಒಂದೇ ಋತುವಿನಲ್ಲಿ.

ಇದೇ ದಿಬ್ಬ ಹಿಂದೆ ದೋಣಿಗಳಿಗೂ ಅಡ್ಡ ಬಂದಿತ್ತು. ತಿರುವನಂತಪುರದಿಂದ ಉತ್ತರಕ್ಕೆ ಹೋಗುವ ಜಲಮಾರ್ಗ ವರ್ಕಲದಲ್ಲಿ ಕಡಿದುಹೋಗುತ್ತಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರು ಸರ್ಕಾರ ಇಲ್ಲಿ ಎರಡು ಸುರಂಗ ಕೊರೆಸಿ ಕಾಲುವೆ ಹರಿಸಿತು. ಒಂದು ಸುರಂಗಕ್ಕೆ ಶಿವಗಿರಿಯ ಹೆಸರಿದೆ. ಅದೇ ಶಿವಗಿರಿ ಗುಡ್ಡದ ಮೇಲೆ ನಾರಾಯಣ ಗುರುಗಳು 1904ರಲ್ಲಿ ನೆಲೆ ನಿಂತರು, 1928ರಲ್ಲಿ ಅಲ್ಲೇ ಸಮಾಧಿಯಾದರು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದವರೂ ಅವರೇ. ಹಾಗಾಗಿ ಕರಾವಳಿ ಕರ್ನಾಟಕದ ಎಷ್ಟೋ ಮನೆಗಳಿಗೆ ವರ್ಕಲ ಬೀಚಿಗಿಂತ ಮೊದಲು ಶಿವಗಿರಿಯ ಊರು.

2025ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ವರ್ಕಲದ ದಿಬ್ಬ ಸೇರಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳೂ ಅದೇ ಸಲ ಸೇರಿದವು. ಮಲ್ಪೆಯದು ಗಟ್ಟಿ ಅಗ್ನಿಶಿಲೆ, ಅಲೆಗಳ ಹೊಡೆತಕ್ಕೆ ಸುಲಭಕ್ಕೆ ಜಗ್ಗುವುದಿಲ್ಲ. ವರ್ಕಲದ್ದು ಮೆತ್ತಗಿನ ಮರಳು ಮತ್ತು ಜೇಡಿ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಕಾಲು ಜಾರಿದವರಿಗೆ ಒದ್ದೆ ಜೇಡಿಯ ಸ್ವಭಾವ ಗೊತ್ತಿರುತ್ತದೆ. ದಿಬ್ಬದೊಳಗೂ ಹಾಗೆಯೇ. ನೀರು ತುಂಬಿದ ಮರಳುಗಲ್ಲು ಮೇಲಿಂದ ಒತ್ತುತ್ತದೆ, ಜೇಡಿ ಹಿಡಿತ ಬಿಡುತ್ತದೆ. ಬುಡವನ್ನು ಅಲೆ ತಿಂದ ಮೇಲೆ ಮುರಕಲ್ಲಿನ ಟೋಪಿ ಆಧಾರವಿಲ್ಲದೆ ದೊಡ್ಡ ಹೆಂಟೆಗಳಾಗಿ ಉರುಳುತ್ತದೆ.

ಇದು ಮನುಷ್ಯ ಬರುವ ಮೊದಲಿನಿಂದಲೂ ನಡೆದಿದೆ. ಈಗ ಅದಕ್ಕೆ ನಾವು ಕೈ ಜೋಡಿಸಿದ್ದೇವೆ, ನನ್ನ ಸಂಕಟ ಅದೇ. ಅಂಚಿನಲ್ಲಿ ಕಟ್ಟಡದ ಭಾರ ಹೇರಿ, ಸ್ನಾನದ ನೀರು, ಶೌಚಗುಂಡಿಯ ನೀರನ್ನು ಅಲ್ಲೇ ಇಂಗಿಸಿದರೆ ಅದು ವರ್ಷವಿಡೀ ಸುರಿಯುವ ಮಳೆಯಾಗುತ್ತದೆ. ಆ ನೀರು ಹರಿಯುವುದೂ ಬುಗ್ಗೆಯ ದಾರಿಯಲ್ಲೇ. ಭಕ್ತರು ತಲೆಯ ಮೇಲೆ ಸುರಿದುಕೊಳ್ಳುವ ನೀರಿಗೆ ಅದೂ ಸೇರಬಹುದು. ದಿಬ್ಬ ಕುಸಿದಾಗಲೆಲ್ಲ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿ ಎಂಬ ಕೂಗು ಏಳುತ್ತದೆ. ಗೋಡೆ ಅಲೆಯನ್ನು ತಡೆದೀತು, ಒಳಗಿನಿಂದ ಬರುವ ನೀರನ್ನು ತಡೆಯದು. ಅದರ ಹಿಂದೆ ಲಿಗ್ನೈಟಿನ ಪದರವೂ ಮುಚ್ಚಿಹೋಗುತ್ತದೆ. ಮೊದಲು ಆಗಬೇಕಾದ ಕೆಲಸ ದಿಬ್ಬದ ಮೇಲಿದೆ: ಕಟ್ಟಡಗಳು ಅಂಚಿನಿಂದ ಹಿಂದೆ ಸರಿಯಬೇಕು, ಕೊಳಚೆ ನೀರು ಪೈಪಿನಲ್ಲಿ ದೂರ ಹೋಗಬೇಕು.