ನಂಬಿಕೆ, ಜ್ಞಾನ, ಪರೀಕ್ಷೆಗೆ ನಿಂತ ಸಂಗತಿ: ಗೆರೆ ಎಲ್ಲಿದೆ?

ಈ ಮೂರಕ್ಕೂ ನಾವು ಬಳಸುವುದು ಒಂದೇ ಮಾತು: "ನನಗೆ ಗೊತ್ತು." ತೊಡಕು ಶುರುವಾಗುವುದೇ ಇಲ್ಲಿ. ಗಟ್ಟಿಯಾಗಿ ನಂಬಿದವನಿಗೂ ನಿಜವಾಗಿ ತಿಳಿದವನಿಗೂ ಮನಸ್ಸಿನಲ್ಲಿ ಇರುವುದು ಅಷ್ಟೇ ಖಾತ್ರಿ. ಹಾಗಾಗಿ ಖಾತ್ರಿಯನ್ನು ಅಳೆದು ಇವನ್ನು ಬೇರೆ ಮಾಡಲು ಬರುವುದಿಲ್ಲ.

ನಂಬಿಕೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಂದು ಮಾತನ್ನು ನಿಜ ಎಂದು ಒಪ್ಪಿಕೊಂಡರೆ ಅದು ನಂಬಿಕೆ. ಅದು ಸುಳ್ಳೂ ಆಗಿರಬಹುದು. ಜ್ಞಾನಕ್ಕೆ ಆ ಸಡಿಲ ಇಲ್ಲ. ಪ್ಲೇಟೋ ಕಾಲದಿಂದಲೂ ಚರ್ಚೆಯಲ್ಲಿರುವ ಲಕ್ಷಣದ (ಅಂದರೆ ವ್ಯಾಖ್ಯೆಯ) ಪ್ರಕಾರ ನಂಬಿಕೆ ಇರಬೇಕು, ಅದು ನಿಜವಾಗಿರಬೇಕು, ಜೊತೆಗೆ ತಕ್ಕ ಆಧಾರವೂ ಇರಬೇಕು. ಇಷ್ಟು ಬಾಯಿಪಾಠ ಮಾಡಿ ಮುಂದೆ ಹೋಗಬೇಡಿ, ಸ್ವಾರಸ್ಯ ಇರುವುದು ಇದರ ಬಿರುಕಿನಲ್ಲಿ.

8ನೇ ಶತಮಾನದ ಬೌದ್ಧ ಚಿಂತಕ ಧರ್ಮೋತ್ತರ ಕೊಟ್ಟ ಉದಾಹರಣೆ ನೋಡಿ. ಮಾಂಸ ಸುಡಲು ಯಾರೋ ಆಗಷ್ಟೇ ಬೆಂಕಿ ಹಚ್ಚಿದ್ದಾರೆ. ಹೊಗೆ ಇನ್ನೂ ಎದ್ದಿಲ್ಲ. ಮಾಂಸದ ವಾಸನೆಗೆ ಹುಳುಗಳು ಮುತ್ತಿಕೊಂಡು ಮೇಲೆ ಹಾರಾಡುತ್ತಿವೆ. ದೂರದಲ್ಲಿ ನಿಂತವನು ಅದನ್ನೇ ಹೊಗೆ ಎಂದುಕೊಂಡು "ಅಲ್ಲಿ ಬೆಂಕಿ ಇದೆ" ಎನ್ನುತ್ತಾನೆ. ಬೆಂಕಿ ಇರುವುದು ನಿಜ. ಅವನ ಹತ್ತಿರ ಕಾರಣವೂ ಇದೆ, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಅಲ್ವಾ? ಆದರೂ ಅವನಿಗೆ ಗೊತ್ತಿತ್ತು ಎನ್ನಲು ಮನಸ್ಸು ಬರುವುದಿಲ್ಲ. ಮಾತು ಸುಮ್ನೆ ಅದೃಷ್ಟಕ್ಕೆ ಸರಿಹೋಯಿತು. 1963ರಲ್ಲಿ ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟಿಯರ್ ಬರೀ ಮೂರು ಪುಟಗಳ ಲೇಖನದಲ್ಲಿ, ಇದೇ ಜಾತಿಯ ಉದಾಹರಣೆ ಇಟ್ಟು, ಆ ಹಳೆಯ ಲಕ್ಷಣ ಸಾಲದು ಎಂದು ತೋರಿಸಿದರು. ಕಾರಣಕ್ಕೂ ನಿಜಕ್ಕೂ ನಡುವೆ ಕೊಂಡಿ ಬೇಕು. ಆ ಕೊಂಡಿ ಎಂಥದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ.

ಇನ್ನು ಪರೀಕ್ಷೆಗೆ ನಿಂತ ಸಂಗತಿ. ಇದಕ್ಕೆ ಒಬ್ಬರೇ ವಿಜ್ಞಾನಿಯ ಎರಡು ಊಹೆ ಸಾಕು. ಯುರೇನಸ್ ಗ್ರಹದ ದಾರಿ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲೆವೆರಿಯೇ ಗಣಿತ ಹಾಕಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಖಗೋಳ ವಿಜ್ಞಾನಿ ಗಾಲೆ ದೂರದರ್ಶಕದಲ್ಲಿ ಹುಡುಕಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಬುಧನ ದಾರಿಯಲ್ಲೂ ಸಣ್ಣ ವ್ಯತ್ಯಾಸ ಇತ್ತು. 1859ರಲ್ಲಿ ಲೆವೆರಿಯೇ ಅದೇ ತರ್ಕ ಹೂಡಿದರು: ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು, ಕಂಡೆವು ಎಂದವರೂ ಹುಟ್ಟಿಕೊಂಡರು. ಆದರೆ ಬೇರೆಯವರು ಹುಡುಕಿದಾಗ ಅದು ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಹೊಸ ಗ್ರಹದ ಹಂಗಿಲ್ಲದೆ ಬುಧನ ಲೆಕ್ಕ ಸರಿಮಾಡಿತು.

ಒಬ್ಬನೇ ಮನುಷ್ಯ, ಒಂದೇ ವಿಧಾನ. ನನ್ನ ಮಟ್ಟಿಗೆ, ದೂರದರ್ಶಕಕ್ಕೆ ಸಿಗುವ ತನಕ ನೆಪ್ಚೂನ್ ಕೂಡ ಒಳ್ಳೆಯ ಆಧಾರವಿದ್ದ ನಂಬಿಕೆಯಷ್ಟೇ. ಜ್ಞಾನ ಒಬ್ಬರ ತಲೆಯಲ್ಲಿ ಇರಬಹುದು. ಪರೀಕ್ಷೆಗೆ ನಿಂತ ಸಂಗತಿ ಹಾಗಲ್ಲ, ಅದನ್ನು ಯಾರು ಬೇಕಾದರೂ ಮತ್ತೆ ನೋಡಲು ಬರಬೇಕು.

ಪರೀಕ್ಷಿಸುವಾಗ ಏನನ್ನು ಪರೀಕ್ಷಿಸಿದ್ದೇವೆ ಎಂಬುದನ್ನೂ ಬಿಡಿಸಿ ನೋಡಬೇಕು. 2011ರಲ್ಲಿ ಒಪೆರಾ ಎಂಬ ಭೌತವಿಜ್ಞಾನ ಪ್ರಯೋಗದ ತಂಡ, ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿವೆ ಎಂದು ಪ್ರಕಟಿಸಿ, ತಪ್ಪಿದ್ದರೆ ಹುಡುಕಿ ಎಂದು ಎಲ್ಲರನ್ನೂ ಕೇಳಿಕೊಂಡಿತು. ಉಪಕರಣ ಆ ಅಂಕಿ ತೋರಿಸಿದ್ದು ಸಂಗತಿ. ನ್ಯೂಟ್ರಿನೊ ಬೆಳಕನ್ನು ಮೀರಿಸಿತು ಎಂಬುದು ಅದರ ಮೇಲೆ ಕಟ್ಟಿದ ಹೇಳಿಕೆ. 2012ರಲ್ಲಿ ಕಾರಣ ಸಿಕ್ಕಿತು, ಆಪ್ಟಿಕಲ್ ಫೈಬರ್ ಕೇಬಲ್ ಒಂದು ಸರಿಯಾಗಿ ಕೂತಿರಲಿಲ್ಲ. ಅದೇ ವರ್ಷ ಬೇರೆ ತಂಡಗಳು ಅಳೆದಾಗಲೂ ನ್ಯೂಟ್ರಿನೊ ಬೆಳಕನ್ನು ಮೀರಿಸಲಿಲ್ಲ.