ಗಣಿ ತೋಡುವ ಪದ ಮನುಷ್ಯನ ಮೇಲೆ ಬಂದದ್ದು ಹೇಗೆ?

ಇಂಗ್ಲಿಷಿನ ಎಕ್ಸ್‌ಪ್ಲೋರ್ (ಹುಡುಕಿ ನೋಡು), ಎಕ್ಸ್‌ಪ್ಲೋಡ್ (ಸಿಡಿ), ಎಕ್ಸ್‌ಪ್ಲಾಯ್ಟ್ (ಶೋಷಿಸು) ಮೂರೂ ಒಂದೇ ಬೇರಿನ ಪದಗಳು ಅಂತ ಧೈರ್ಯವಾಗಿ ಹೇಳುವವರಿದ್ದಾರೆ. ಅಲ್ಲವೇ ಅಲ್ಲ. ಎಕ್ಸ್‌ಪ್ಲೋಡ್‌ನ ಲ್ಯಾಟಿನ್ ಮೂಲಕ್ಕೆ ಚಪ್ಪಾಳೆ ತಟ್ಟಿ ನಟನನ್ನು ರಂಗದಿಂದ ಓಡಿಸುವುದು ಎಂಬ ಅರ್ಥ! ಕಿವಿಗೆ ಒಂದೇ ಥರ ಕೇಳಿಸಿತು ಅಂತ ಸುಮ್ನೆ ನೆಂಟಸ್ತನ ಕಟ್ಟಬಾರದು.

ಎಕ್ಸ್‌ಪ್ಲಾಯ್ಟ್‌ನ ನಿಜವಾದ ನೆಂಟ ಎಂಪ್ಲಾಯ್, ಅಂದರೆ ಕೆಲಸ ಕೊಡು. ಲ್ಯಾಟಿನ್ನಿನಲ್ಲಿ 'ಪ್ಲಿಕಾರೆ' ಅಂದರೆ ಮಡಚುವುದು. ಒಳಕ್ಕೆ ಮಡಚಿ ಸಿಕ್ಕಿಸುವುದು 'ಇಂಪ್ಲಿಕಾರೆ', ಅದರಿಂದ ಎಂಪ್ಲಾಯ್. ಸುತ್ತಿಟ್ಟ ಚಾಪೆಯ ಹಾಗೆ ಬಿಚ್ಚಿ ಹಾಸುವುದು 'ಎಕ್ಸ್‌ಪ್ಲಿಕಾರೆ', ಅದರಿಂದ ಎಕ್ಸ್‌ಪ್ಲಾಯ್ಟ್. ಹಾಗಂತ ಕೆಲಸ ಕೊಡುವುದೇ ಶೋಷಣೆ ಎಂದು ವಾದಕ್ಕಿಳಿಯಬೇಡಿ. ಕಾಂಪ್ಲಿಕೇಟೆಡ್, ಡುಪ್ಲಿಕೇಟ್ ಕೂಡ ಅದೇ ಮನೆಯವು. ಪದದ ಹುಟ್ಟು ನೋಡಿ ಇವತ್ತಿನ ಅರ್ಥ ಹೇಳುವುದು ಜಾತಕ ನೋಡಿ ಸ್ವಭಾವ ಹೇಳಿದಂತೆಯೇ.

'ಪ್ಲಿ' ಹೋಗಿ 'ಪ್ಲಾಯ್' ಬಂದದ್ದು ನನಗೆ ತುಂಬ ಇಷ್ಟದ ಸಂಗತಿ. 'ಎಕ್ಸ್‌ಪ್ಲಿಕಾರೆ'ಯಿಂದಾದ 'ಎಕ್ಸ್‌ಪ್ಲಿಕಿಟುಂ' (ಬಿಚ್ಚಿ ಹಾಸಿದ್ದು) ಎನ್ನುವಾಗ ಒತ್ತು ಬೀಳುವುದು 'ಪ್ಲಿ' ಮೇಲೆ. ಒತ್ತಿಲ್ಲದ ಪಕ್ಕದ ಇಕಾರ ಜನರ ಬಾಯಲ್ಲಿ ಸವೆದುಹೋಯಿತು. ಆಗ 'ಕ್', 'ಟ್' ಎರಡೂ ಅಂಟಿಕೊಂಡವು. ಆ 'ಕ್' ಮೆತ್ತಗಾಗಿ ಯಕಾರವಾಯಿತು, ಹಳೆಯ ಫ್ರೆಂಚಿನಲ್ಲಿ 'ಎಸ್‌ಪ್ಲೇಯ್ಟ್' ಬಂತು. ಮುಂದೆ 'ಏಯ್' ಎಲ್ಲ 'ಓಯ್' ಆದಾಗ ಇದೂ 'ಎಸ್‌ಪ್ಲೋಯ್ಟ್' ಆಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ.

ಇಂಗ್ಲಿಷಿಗೆ ಬಂದಾಗ ಅದು ಒಳ್ಳೆಯ ಪದವೇ. ಮೊದಲು ಫಲ, ಯಶಸ್ಸು, ಆಮೇಲೆ ಸಾಹಸ. ವೀರರ 'ಎಕ್ಸ್‌ಪ್ಲಾಯ್ಟ್ಸ್' ಅಂತ ಈಗಲೂ ಬರೆಯುತ್ತಾರಲ್ವಾ? ಗಣಿಯಿಂದ, ನೆಲದಿಂದ ಉತ್ಪತ್ತಿ ತೆಗೆಯುವುದು ಎಂಬ ಅರ್ಥ ಫ್ರೆಂಚಿನಿಂದ 19ನೇ ಶತಮಾನದಲ್ಲಿ ಬಂತು. ಅದರಲ್ಲೂ ಬೈಗುಳ ಇರಲಿಲ್ಲ. 1829ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಸಮಾಜ ಚಿಂತಕ ಸೇಂಟ್ ಸಿಮೋನ್‌ನ ಶಿಷ್ಯರು 'ಮನುಷ್ಯನಿಂದ ಮನುಷ್ಯನ ಎಕ್ಸ್‌ಪ್ಲಾಯ್ಟೇಷನ್' ಎಂದು ಉಪನ್ಯಾಸಗಳಲ್ಲಿ ಹೇಳತೊಡಗಿದರು. ಕ್ರಿಯಾಪದ ಅದೇ. ಗಣಿ ಇದ್ದ ಜಾಗದಲ್ಲಿ ಮನುಷ್ಯನನ್ನು ಇಟ್ಟರು, ಅಷ್ಟೇ. ಕೆಟ್ಟ ವಾಸನೆ ಹತ್ತಿದ್ದು ಹೀಗೆ.

ಜರ್ಮನ್ನಿನಲ್ಲೂ ಇದೇ ಕಥೆ. ಶೋಷಣೆಗೆ ಮಾರ್ಕ್ಸ್ ಬಳಸಿದ 'ಆಸ್‌ಬಾಯ್ಟುಂಗ್' ಕೂಡ ಗಣಿಗಾರರ ಮಾತಿನಿಂದಲೇ ಬಂದದ್ದು. 'ಆಸ್‌ಬಾಯ್ಟೆ' ಅಂದರೆ ಗಣಿಯ ಪಾಲುದಾರರಿಗೆ ಹಂಚುವ ಲಾಭ.

ಕಂಪ್ಯೂಟರ್ ಜನ ಇದನ್ನು ಮತ್ತೆ ನಾಮಪದ ಮಾಡಿಕೊಂಡರು. ಅವರಿಗೆ ಎಕ್ಸ್‌ಪ್ಲಾಯ್ಟ್ ಅಂದರೆ ಪ್ರೋಗ್ರಾಮಿನ ದೋಷವೊಂದನ್ನು ಹಿಡಿದು ಒಳನುಗ್ಗುವ ಕೋಡ್. 1988ರ ನವೆಂಬರ್ 2ರಂದು ಇಂಟರ್ನೆಟ್ಟಿಗೆ ಬಿಟ್ಟ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ಪ್ರೋಗ್ರಾಮ್ ಮಾರಿಸ್ ವರ್ಮ್ ಇದಕ್ಕೆ ಹೆಸರುವಾಸಿ ಉದಾಹರಣೆ. ಯಾರು ಲಾಗಿನ್ ಆಗಿದ್ದಾರೆಂದು ತಿಳಿಸುವ 'ಫಿಂಗರ್' ಎಂಬ ಸೇವೆ ತನಗೆ ಬರುವ ಪ್ರಶ್ನೆಗೆ 512 ಬೈಟ್ ಜಾಗ ಕಾದಿರಿಸಿತ್ತು. ಬಂದದ್ದು ಎಷ್ಟೆಂದು ಎಣಿಸುತ್ತಿರಲಿಲ್ಲ. ವರ್ಮ್ 536 ಬೈಟ್ ಕಳಿಸಿತು. ಹೆಚ್ಚಾದ 24 ಬೈಟ್ ಪಕ್ಕದ ಜಾಗಕ್ಕೆ ಚೆಲ್ಲಿ, ಪ್ರೋಗ್ರಾಮ್ ಮುಂದೆ ಎಲ್ಲಿಗೆ ಹೋಗಬೇಕೆಂಬ ವಿಳಾಸವನ್ನೇ ಬದಲಿಸಿಬಿಟ್ಟವು.