24 ಪೋರ್ಟ್ ಸ್ವಿಚ್‌ಗೆ ಮೂರು ಕೊಟೇಶನ್: ಮೊದಲು ವಾಟ್ ನೋಡಿ

ತುಮಕೂರಿನಲ್ಲಿ ಹೊಸ ಆಫೀಸೋ ಗೋಡೌನೋ ಶುರುವಾದರೆ ನೆಟ್‌ವರ್ಕ್ ಕೆಲಸಕ್ಕೆ ಮೂರು ಕೊಟೇಶನ್ ತರಿಸುವುದು ವಾಡಿಕೆ. ಒಂದು ಊರಿನ ಸಿಸಿಟಿವಿ ಅಂಗಡಿಯದು, ಒಂದು ಬೆಂಗಳೂರಿನ ಎಸ್.ಪಿ. ರಸ್ತೆಯದು, ಇನ್ನೊಂದು ದೊಡ್ಡ ಬ್ರ್ಯಾಂಡಿನ ಡೀಲರ್‌ದು. ಮೂರರಲ್ಲೂ ‘24 ಪೋರ್ಟ್ ಗಿಗಾಬಿಟ್ ಪಿಒಇ ಸ್ವಿಚ್’ ಅಂತಲೇ ಇರುತ್ತದೆ. ಸ್ವಿಚ್ ಅಂದರೆ ಕಂಪ್ಯೂಟರು, ಕ್ಯಾಮೆರಾಗಳ ಲ್ಯಾನ್ ಕೇಬಲ್ಲೆಲ್ಲ ಬಂದು ಸೇರುವ ಡಬ್ಬಿ, ಪೋರ್ಟ್ ಅಂದರೆ ಅದರಲ್ಲಿ ಕೇಬಲ್ ಚುಚ್ಚುವ ಕಿಂಡಿ. ಬೆಲೆ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಎರಡು ಪಟ್ಟು, ಮೂರು ಪಟ್ಟು ಅಂತರ. ‘ಎಲ್ಲಾ 24 ಪೋರ್ಟೇ ಅಲ್ವಾ ಸಾರ್, ಮತ್ಯಾಕೆ ಹಿಂಗೆ?’ ಅಂತ ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ಆ ಕೊಟೇಶನ್ ಹಾಳೆಯಲ್ಲಿ ಇರುವುದಿಲ್ಲ.

ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದು ಸ್ವಿಚಿಂಗ್ ಕೆಪಾಸಿಟಿ, ಅಂದರೆ ಸ್ವಿಚ್ ಒಟ್ಟಿಗೆ ಎಷ್ಟು ಡೇಟಾ ಸಾಗಿಸಬಲ್ಲದು ಅನ್ನುವ ಅಂಕಿ. 24 ಗಿಗಾಬಿಟ್ ಪೋರ್ಟು, ಮೇಲೆ ಬೇರೆ ಸ್ವಿಚ್ಚಿಗೋ ರೂಟರಿಗೋ ಜೋಡಿಸುವ ಗಿಗಾಬಿಟ್ ಅಪ್‌ಲಿಂಕ್ ಪೋರ್ಟು ನಾಲ್ಕು, ಹೋಗುವುದು ಬರುವುದು ಎರಡೂ ಸೇರಿದರೆ 56 ಜಿಬಿಪಿಎಸ್ (ಸೆಕೆಂಡಿಗೆ 56 ಗಿಗಾಬಿಟ್). ಹೆಸರಿರುವ ಎಲ್ಲಾ ಕಂಪನಿಯವರೂ ಇವತ್ತು ಅಷ್ಟನ್ನು ಕೊಡುತ್ತಾರೆ. ಎಲ್ಲರಲ್ಲೂ ಒಂದೇ ಇರುವ ಅಂಕಿ ಇಟ್ಟುಕೊಂಡು ಆರಿಸುವುದು ಹೇಗೆ? ಆ ಕಾಲಂ ಬಿಟ್ಟುಬಿಡಿ. ನಾನು ಮೊದಲು ನೋಡುವುದು ವಾಟ್.

ಪಿಒಇ ಅಂದರೆ ಲ್ಯಾನ್ ಕೇಬಲ್‌ನಲ್ಲೇ ಕರೆಂಟೂ ಹೋಗುವ ವ್ಯವಸ್ಥೆ. ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್, ಟೇಬಲ್ ಮೇಲಿನ ಐಪಿ ಫೋನ್ ಇವಕ್ಕೆಲ್ಲ ಬೇರೆ ಅಡಾಪ್ಟರ್ ಬೇಡ. 2003ರಲ್ಲಿ ಬಂದ 802.3ಎಎಫ್ ಸ್ಟ್ಯಾಂಡರ್ಡ್ ಪ್ರಕಾರ ಒಂದು ಪೋರ್ಟ್ 15.4 ವಾಟ್ ಕೊಡಬಲ್ಲದು. 2009ರ 802.3ಎಟಿ, ಅಂದರೆ ಪಿಒಇ ಪ್ಲಸ್, 30 ವಾಟ್ ಕೊಡುತ್ತದೆ. 2018ರ 802.3ಬಿಟಿ ಇನ್ನೂ ಮೇಲೆ, 60ರಿಂದ 90 ವಾಟ್. ಇದು ಒಂದೊಂದು ಪೋರ್ಟಿನ ಲೆಕ್ಕ. ಸ್ವಿಚ್ ಒಟ್ಟಾರೆ ಎಷ್ಟು ಕೊಡುತ್ತದೆ ಅನ್ನುವುದು ಬೇರೆ ಲೆಕ್ಕ. ಅದಕ್ಕೆ ಪಿಒಇ ಬಜೆಟ್ ಅನ್ನುತ್ತಾರೆ. 24 ಪೋರ್ಟಿಗೂ 30 ವಾಟ್ ಬೇಕಾದರೆ 720 ವಾಟ್ ಆಯಿತು. ಮಾರ್ಕೆಟ್ಟಿನಲ್ಲಿ ಜಾಸ್ತಿ ಓಡುವ ಮಾಡೆಲ್‌ಗಳಲ್ಲಿ ಇರುವುದು ಅದರ ಅರ್ಧ, ಇಲ್ಲವೇ ಕಾಲು ಭಾಗ. 24 ಎಲೆ ಹಾಕಿಸಿ ಹನ್ನೆರಡು ಜನಕ್ಕೆ ಅಡುಗೆ ಮಾಡಿಸಿದ ಹಾಗೆ.

ಇದು ಮಾಡೆಲ್ ನಂಬರಿನಲ್ಲೇ ಅಡಗಿರುತ್ತದೆ. ಸಿಸ್ಕೊದ ಸಿಬಿಎಸ್350 ಸಾಲನ್ನೇ ತೆಗೆದುಕೊಳ್ಳಿ. ‘24ಪಿ’ ಅಂದರೆ 195 ವಾಟ್, ‘24ಎಫ್‌ಪಿ’ ಅಂದರೆ 370 ವಾಟ್. ನೋಡುವುದಕ್ಕೆ ಎರಡೂ ಒಂದೇ ಥರ. ಒಂದು ಅಕ್ಷರ ಬಿಟ್ಟುಹೋದರೆ ಕೊಟೇಶನ್ ಸುಮ್ನೆ ಅಗ್ಗವಾಗಿ ಕಾಣುತ್ತದೆ. ಈಗ ಆ ಸಾಲಿನ ಜಾಗಕ್ಕೆ ಕ್ಯಾಟಲಿಸ್ಟ್ 1300 ಬಂದಿದೆ. ಅಲ್ಲೂ ಇದೇ ಕಥೆ.

ವಾಟ್ ಕಡಿಮೆಯಾದರೆ ಏನಾಗುತ್ತದೆ ಅನ್ನುವುದನ್ನು ವಸಂತನರಸಾಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ನೋಡಿದೆ. 16 ಕ್ಯಾಮೆರಾ, 16 ಪೋರ್ಟ್ ಸ್ವಿಚ್, ಬಜೆಟ್ 120 ವಾಟ್. ಹಗಲೆಲ್ಲ ಎಲ್ಲಾ ಸರಿ. ಸಂಜೆ ಕತ್ತಲಾಗುತ್ತಿದ್ದಂತೆ ಹಿಂದಿನ ಗೇಟಿನ ಕಡೆ ಮೂರು ಕ್ಯಾಮೆರಾ ಆಫ್. ಬೆಳಗಾದರೆ ತಾವೇ ವಾಪಸ್. ಸರ್ವಿಸ್ ಹುಡುಗರು ಕ್ಯಾಮೆರಾ ಬದಲಿಸಿದ್ದರು, ಕೇಬಲ್ ಬದಲಿಸಿದ್ದರು, ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡಿದ್ದರು. ಸ್ವಿಚ್ಚಿನ ಮುಖದ ಮೇಲೆ ‘ಪಿಒಇ ಮ್ಯಾಕ್ಸ್’ ಅಂತ ಒಂದು ಪುಟ್ಟ ದೀಪ ಇತ್ತು. ಹಗಲು ಹೊತ್ತು ಅದು ಆರಿರುತ್ತದೆ, ಸಂಜೆ ಹತ್ತಿಕೊಳ್ಳುತ್ತದೆ. ಹುಡುಗರು ಬರುತ್ತಿದ್ದುದು ಹಗಲಲ್ಲಿ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಲೆಕ್ಕ ಇಷ್ಟೇ. ಹಗಲಲ್ಲಿ ಆ ಕ್ಯಾಮೆರಾ ಎಳೆಯುವುದು ಸುಮಾರು 6 ವಾಟ್. ಹದಿನಾರಕ್ಕೆ 96. ಕತ್ತಲಾದ ಮೇಲೆ ಒಳಗಿನ ಐಆರ್ (ಕತ್ತಲಲ್ಲೂ ಕಾಣಿಸಲು ಇರುವ ಇನ್‌ಫ್ರಾರೆಡ್) ದೀಪಗಳು ಹತ್ತುತ್ತವೆ, ಆಗ 9 ವಾಟ್. ಹದಿನಾರಕ್ಕೆ 144. ಹದಿಮೂರು ಕ್ಯಾಮೆರಾಗೆ 117 ವಾಟ್ ಕೊಡುವಷ್ಟರಲ್ಲಿ ಬಜೆಟ್ ಮುಗಿಯಿತು. ಸ್ವಿಚ್ಚು ಕೊನೆಯ ಪೋರ್ಟುಗಳ ಕರೆಂಟ್ ಕಿತ್ತಿತು. ಕಳ್ಳರ ಕಾಟ ಇರುವ ಗೇಟೇ ಕೊನೆಯ ಪೋರ್ಟಿನಲ್ಲಿ ಇದ್ದದ್ದು ಮಾಲೀಕರ ಗ್ರಹಚಾರ.

ಹಾಗಾಗಿ ಕ್ಯಾಮೆರಾ ಡಬ್ಬಿಯ ಮೇಲೆ ಬರೆದಿರುವ ಮ್ಯಾಕ್ಸಿಮಮ್ ವಾಟ್ ತೆಗೆದುಕೊಳ್ಳಿ, ಎಲ್ಲಾ ಕೂಡಿಸಿ, ಅದರ ಮೇಲೆ ಕಾಲು ಭಾಗ ಸೇರಿಸಿ. ಅದಕ್ಕಿಂತ ಕಡಿಮೆ ಬಜೆಟ್ ಇರುವ ಸ್ವಿಚ್ಚನ್ನು ಯಾರು ಎಷ್ಟೇ ಹೊಗಳಲಿ, ಬೇಡ ಅನ್ನಿ. ಸ್ಟ್ಯಾಂಡರ್ಡ್ ನಂಬರೇ ಇಲ್ಲದೆ ಬರೀ ‘ಪಿಒಇ’ ಅಂತ ಬರೆದ ತೀರಾ ಅಗ್ಗದ ಡಬ್ಬಿಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವು ಆ ಕಡೆ ಏನಿದೆ ಅಂತ ವಿಚಾರಿಸದೆ ಸದಾ ಕರೆಂಟ್ ಹರಿಸುತ್ತಲೇ ಇರುತ್ತವೆ. ತಪ್ಪಿ ಬೇರೆ ಯಾವುದನ್ನೋ ಚುಚ್ಚಿದರೆ ಅದು ಸುಟ್ಟುಹೋಗಬಹುದು.

ದುಡ್ಡು ಉಳಿಸುವ ಜಾಗವೂ ಇದೆ. 4 ಮೆಗಾಪಿಕ್ಸೆಲ್ ಕ್ಯಾಮೆರಾ ಕಳಿಸುವುದು ಸಾಮಾನ್ಯವಾಗಿ 4ರಿಂದ 8 ಎಂಬಿಪಿಎಸ್. ಅದಕ್ಕೆ ಗಿಗಾಬಿಟ್ ಪೋರ್ಟ್ ಯಾಕೆ? 100 ಎಂಬಿಪಿಎಸ್ ಪೋರ್ಟ್ ಧಾರಾಳ ಸಾಕು. ಆದರೆ ಹದಿನಾರೂ ಸೇರಿ ಎನ್‌ವಿಆರ್ (ವಿಡಿಯೊ ರೆಕಾರ್ಡ್ ಮಾಡುವ ಡಬ್ಬಿ) ಕಡೆ ಹೋಗುವ ಅಪ್‌ಲಿಂಕ್ ಗಿಗಾಬಿಟ್ಟೇ ಇರಬೇಕು. ಆಫೀಸಿನ ಬಿಲ್ಲಿಂಗ್, ಟ್ಯಾಲಿ, ಸರ್ವರ್ ಕಡೆಗೆ ಮಾತ್ರ ಪೂರ್ತಿ ಗಿಗಾಬಿಟ್ ಸ್ವಿಚ್ ಕೊಳ್ಳಿ. ನನ್ನನ್ನು ಕೇಳಿದರೆ ಎರಡನ್ನೂ ಬೇರೆ ಬೇರೆ ಇಡಿ ಅನ್ನುತ್ತೇನೆ. ಕ್ಯಾಮೆರಾಗೆ ವಾಟ್ ಜಾಸ್ತಿ ಇರುವ ಸಾದಾ ಸ್ವಿಚ್, ಆಫೀಸಿಗೆ ಸ್ಮಾರ್ಟ್ ಅಥವಾ ಮ್ಯಾನೇಜ್ಡ್ ಸ್ವಿಚ್, ಅಂದರೆ ಒಳಗಿನ ಸೆಟ್ಟಿಂಗ್ ನಾವೇ ಬದಲಿಸಬಹುದಾದದ್ದು.

ಆಫೀಸಿಗೆ ಮ್ಯಾನೇಜ್ಡ್ ಬೇಕಾ ಅಂತ ಕೇಳುವವರಿಗೆ ಒಂದೇ ಉದಾಹರಣೆ ಹೇಳುತ್ತೇನೆ. ಗುಡಿಸುವವರು ಕೆಳಗೆ ಬಿದ್ದಿದ್ದ ಕೇಬಲ್ ನೋಡಿ, ಪಾಪ, ಒಳ್ಳೆಯದಾಗಲಿ ಅಂತ ಖಾಲಿ ಪೋರ್ಟಿಗೆ ಚುಚ್ಚುತ್ತಾರೆ. ಆ ಕೇಬಲ್ಲಿನ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿ ಇರುತ್ತದೆ. ಲೂಪ್ ಆಯಿತು, ಡೇಟಾ ಅಲ್ಲೇ ಸುತ್ತುತ್ತಲೇ ಇರುತ್ತದೆ. ಎಲ್ಲಾ ಪೋರ್ಟಿನ ದೀಪ ಒಟ್ಟಿಗೆ ಪಟಪಟ ಬಡಿಯತೊಡಗುತ್ತವೆ, ಬಿಲ್ಲಿಂಗ್ ನಿಲ್ಲುತ್ತದೆ. ಸ್ಪ್ಯಾನಿಂಗ್ ಟ್ರೀ, ಅಂದರೆ ಲೂಪ್ ಹಿಡಿಯುವ ವ್ಯವಸ್ಥೆ, ಇರುವ ಸ್ವಿಚ್ ಆ ಪೋರ್ಟನ್ನು ತಾನೇ ಮುಚ್ಚುತ್ತದೆ. ಅದರ ಜೊತೆಗೆ ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ಒಡೆಯುವ ವಿಎಲ್ಯಾನ್ ಕೂಡ ಸಿಗುತ್ತದೆ. ಬಂದವರಿಗೆ ಕೊಡುವ ವೈಫೈ ಒಂದು ಕಡೆ, ಅಕೌಂಟ್ಸ್ ಇನ್ನೊಂದು ಕಡೆ.

ಇನ್ನು ದೂರ. ತಾಮ್ರದ ಕೇಬಲ್ಲಿಗೆ ಮಿತಿ 100 ಮೀಟರ್. ನಮ್ಮ ಕಡೆ ಕಾರ್ಖಾನೆ, ರೈಸ್ ಮಿಲ್‌ಗಳಲ್ಲಿ ವೇಬ್ರಿಡ್ಜ್ ಗೇಟಿನ ಹತ್ತಿರ ಇರುತ್ತದೆ, ಆಫೀಸ್ ಹಿಂದೆಲ್ಲೋ ಇರುತ್ತದೆ. ‘ಸ್ವಿಚ್ಚಿನ ಎಕ್ಸ್‌ಟೆಂಡ್ ಬಟನ್ ಒತ್ತಿದರೆ 250 ಮೀಟರ್ ಹೋಗುತ್ತೆ’ ಅನ್ನುತ್ತಾರೆ ಅಂಗಡಿಯವರು. ಹೋಗುತ್ತದೆ, ಸುಳ್ಳಲ್ಲ. ಆದರೆ ಆ ಪೋರ್ಟ್ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಒಂದು ಕ್ಯಾಮೆರಾಗೆ ಪರವಾಗಿಲ್ಲ, ವೇಬ್ರಿಡ್ಜ್ ಕಂಪ್ಯೂಟರಿಗೂ ಕ್ಯಾಮೆರಾಗೂ ಸೇರಿಸಿ ಸಾಲದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಹೋಗುವುದಾದರೆ ದೂರ ಕಡಿಮೆ ಇದ್ದರೂ ಫೈಬರ್ ಹಾಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಡಿದರೆ ಸಾಕು, ಉದ್ದನೆಯ ತಾಮ್ರದ ಕೇಬಲ್ ಹಿಡಿದು ಬರುವ ಸರ್ಜ್ (ದಿಢೀರ್ ಏರುವ ವೋಲ್ಟೇಜ್) ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಫೈಬರ್ ಎಳೆಯಲ್ಲಿ ಹರಿಯುವುದು ಬೆಳಕು, ಅದಕ್ಕೆ ಆ ಕಾಟ ಇಲ್ಲ. ಹಾಗಾಗಿ ಫೈಬರ್ ಜೋಡಿಸುವ ಎಸ್‌ಎಫ್‌ಪಿ ಪೋರ್ಟ್ ಎಷ್ಟಿವೆ ಅಂತ ನೋಡಿ. ಕೆಲವು ದೊಡ್ಡ ಬ್ರ್ಯಾಂಡಿನ ಸ್ವಿಚ್‌ಗಳು ಬೇರೆಯವರ ಎಸ್‌ಎಫ್‌ಪಿ ಮಾಡ್ಯೂಲ್ ಒಪ್ಪುವುದಿಲ್ಲ. ಅವರದೇ ಕೊಳ್ಳಬೇಕಾದರೆ ಅದರ ಬೆಲೆಯನ್ನೂ ಕೊಟೇಶನ್‌ನಲ್ಲಿ ಬರೆಸಿ.

ಲೈಸೆನ್ಸ್ ಬಗ್ಗೆಯೂ ಕೇಳಿ. ಸಿಸ್ಕೊದ ಮೆರಾಕಿ ಸಾಲು ಲೈಸೆನ್ಸ್ ಮೇಲೆ ನಡೆಯುವಂಥದ್ದು. ಅದು ಕೆಟ್ಟದ್ದು ಅಂತಲ್ಲ, ಹತ್ತು ಊರಲ್ಲಿ ಶಾಖೆ ಇರುವವರಿಗೆ ಅನುಕೂಲ. ಆದರೆ ಐದು ವರ್ಷದ ಲೈಸೆನ್ಸ್ ಖರ್ಚು ಸೇರಿಸದೆ ಬೆಲೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎಚ್‌ಪಿಇಯ ಇನ್‌ಸ್ಟಂಟ್ ಆನ್, ಟಿಪಿ-ಲಿಂಕ್‌ನ ಒಮಾಡ ಇವನ್ನು ವರ್ಷದ ಶುಲ್ಕ ಇಲ್ಲದೆಯೂ ನಡೆಸಬಹುದು. ಮೂವತ್ತು ಜನರ ಆಫೀಸಿಗೆ ನಾನು ಈ ಮಟ್ಟದ್ದನ್ನೇ ಹೇಳುತ್ತೇನೆ. ಮೈಕ್ರೋಟಿಕ್ ಕೂಡ ಒಳ್ಳೆಯದೇ, ಆದರೆ ಅದು ಗೊತ್ತಿರುವ ಮನುಷ್ಯ ಊರಲ್ಲಿ ಇರಬೇಕು.

ದೂಳು ಇರುವ ಕಡೆ ಫ್ಯಾನ್ ಇಲ್ಲದ ಮಾಡೆಲ್ ವಾಸಿ. ವಾಟ್ ಜಾಸ್ತಿ ಇರುವುದರಲ್ಲಿ ಸಾಮಾನ್ಯವಾಗಿ ಫ್ಯಾನ್ ಇದ್ದೇ ಇರುತ್ತದೆ. ಹಾಗಾಗಿ ಅದನ್ನು ಹೊಟ್ಟಿನ ದೂಳಿನಿಂದ ದೂರ, ಆಫೀಸ್ ರ‍್ಯಾಕ್‌ನಲ್ಲಿ ಯುಪಿಎಸ್ ಜೊತೆ ಇಡಿ.

ಬ್ರ್ಯಾಂಡ್ ಜಗಳ ನಿಜವಾಗಿ ತೀರ್ಮಾನವಾಗುವುದು ಶನಿವಾರ ಸಂಜೆ ಸ್ವಿಚ್ ಸತ್ತಾಗ. ಬೆಂಗಳೂರು ಬರೀ 70 ಕಿಲೋಮೀಟರ್ ನಿಜ. ಆದರೆ ಬದಲಿ ಪೀಸ್ ಮೊದಲು ಕೊಡುತ್ತಾರಾ, ಇಲ್ಲ ಹಳೆಯದು ತಲುಪಿ ಪರೀಕ್ಷೆಯಾದ ಮೇಲೆ ಕೊಡುತ್ತಾರಾ ಅನ್ನುವುದರಲ್ಲಿ ವಾರಗಟ್ಟಲೆ ವ್ಯತ್ಯಾಸ ಇದೆ. 48 ಪೋರ್ಟಿನ ಒಂದು ದುಬಾರಿ ಸ್ವಿಚ್ಚಿಗಿಂತ ಒಂದೇ ಮಾಡೆಲ್ಲಿನ 24 ಪೋರ್ಟಿನ ಎರಡು ಇದ್ದರೆ, ಒಂದು ಹೋದಾಗ ಮುಖ್ಯವಾದ ಕೇಬಲ್‌ಗಳನ್ನು ಇನ್ನೊಂದಕ್ಕೆ ಚುಚ್ಚಿ ಸೋಮವಾರದವರೆಗೆ ದೂಡಬಹುದು.

ಇಷ್ಟಾದ ಮೇಲೆ ಮೂರೂ ಕೊಟೇಶನ್ ವಾಪಸ್ ಕಳಿಸಿ. ಪೂರ್ತಿ ಮಾಡೆಲ್ ನಂಬರ್, ಪಿಒಇ ಬಜೆಟ್ ಎಷ್ಟು ವಾಟ್, 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ, ವಾರಂಟಿ ಭಾರತದ್ದೋ ಅಲ್ಲವೋ, ಬದಲಿ ಪೀಸಿನ ಸಾಗಣೆ ಖರ್ಚು ಯಾರದು, ಇಷ್ಟನ್ನೂ ಬರೆದು ಸಹಿ ಹಾಕಿ ಕೊಡಿ ಅನ್ನಿ. ಡಬ್ಬಿ ಬಂದ ದಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ತೋರಿಸುತ್ತದೆಯಾ ನೋಡಿ. ಅದೇ ನಂಬರ್ ಬಿಲ್ಲಿನಲ್ಲೂ ಇರಲಿ. ಚೆಕ್ ಆಮೇಲೆ ಬರೆಯಿರಿ.